ನಾಟಕದ ಹುಚ್ಚು, ಗಿಡದ ಹುಚ್ಚು: ‘ಹುಚ್ಚು’ ಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ, ಬಳ್ಳಾರಿಯ ಬ್ಯಾಂಕು, ಆಸ್ಪತ್ರೆಗಳಿಗೆ ಬೇರೆ ರಾಜ್ಯಗಳಿಂದ ಕೆಲಸಕ್ಕೆ ಬಂದವರಿಗೆ ನಾನು ಸಂಜೆ ಹೊತ್ತು ಮಾತಾಡುವ ಕನ್ನಡ ಕಲಿಸುತ್ತೇನೆ. ಪ್ರತಿ ತಂಡದಲ್ಲೂ ಒಂದು ಪದದ ಹತ್ತಿರ ಪಾಠ ನಿಂತುಬಿಡುತ್ತದೆ. ಅದು ‘ಹುಚ್ಚು’. ಡಿಕ್ಷನರಿ ನೋಡಿ ಬಂದವರು ಇದು ಕಾಯಿಲೆಯ ಹೆಸರು ಅನ್ನುತ್ತಾರೆ. ಊರಿನ ಮಾತು ಕೇಳಿ ಬಂದವರು ಇದು ಪ್ರೀತಿಯ ಹೆಸರು ಅನ್ನುತ್ತಾರೆ. ಇಬ್ಬರು ಹೇಳುವುದೂ ಸರಿ. ತರಗತಿಯಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು, ನಮ್ಮ ಕನ್ನಡದವರೇ ಕೇಳಿದ ಕೆಲವನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ಹುಚ್ಚು ಅಂದರೆ ನಿಜವಾಗಿ ಏನು?

ಮೊದಲ ಅರ್ಥ ಬುದ್ಧಿ ಸ್ಥಿಮಿತ ತಪ್ಪುವುದು. ಎರಡನೆಯದು, ಒಂದು ವಿಷಯದ ಮೇಲೆ ಊಟ ನಿದ್ದೆ ಮರೆಸುವಷ್ಟು ಆಸೆ. ನಾಟಕದ ಹುಚ್ಚು, ಓದುವ ಹುಚ್ಚು, ಸಿನಿಮಾ ಹುಚ್ಚು, ಊರು ತಿರುಗುವ ಹುಚ್ಚು. ನಮ್ಮ ಕಡೆ ದಿನದ ಮಾತಿನಲ್ಲಿ ಈ ಎರಡನೇ ಅರ್ಥವೇ ಜಾಸ್ತಿ ಕೇಳಿಸುತ್ತದೆ.

ನನ್ನ ಮಟ್ಟಿಗೆ ಈ ಪದದ ಅರ್ಥ ಡಿಕ್ಷನರಿಯಿಂದ ಬಂದದ್ದಲ್ಲ, ಅಜ್ಜಿಯಿಂದ ಬಂದದ್ದು. ನಮ್ಮ ಅಜ್ಜನ ಊರು ಸಿರುಗುಪ್ಪದ ಕಡೆಯ ಒಂದು ಹಳ್ಳಿ. ಅಜ್ಜನಿಗೆ ಬಯಲಾಟದ ಹುಚ್ಚು. ಸುಗ್ಗಿ ಮುಗಿದರೆ ಸಾಕು, ತಾಲೀಮು ಶುರು. ಮಾಸ್ತರು ಬಂದು ಊರಲ್ಲೇ ತಿಂಗಳುಗಟ್ಟಲೆ ಉಳಿಯುತ್ತಿದ್ದರು, ಅವರ ಊಟ ನಮ್ಮ ಮನೆಯಲ್ಲಿ. ಅಜ್ಜ ಭೀಮನ ಪಾತ್ರ ಮಾಡುತ್ತಿದ್ದ. ಕಿರೀಟ, ಭುಜಕೀರ್ತಿಗೆ ಕೊಟ್ಟ ದುಡ್ಡಿನಲ್ಲಿ ಒಂದು ಹೋರಿ ಬರುತ್ತಿತ್ತು ಅಂತ ಅಜ್ಜಿ ಲೆಕ್ಕ ಹೇಳುತ್ತಿದ್ದಳು. ‘ನಿಮ್ಮಜ್ಜಗ ಆಟದ ಹುಚ್ಚು’ ಅನ್ನುವಾಗ ಅವಳ ದನಿಯಲ್ಲಿ ದೂರೂ ಇರುತ್ತಿತ್ತು, ಹೆಮ್ಮೆಯೂ ಇರುತ್ತಿತ್ತು. ಎರಡನ್ನೂ ಒಟ್ಟಿಗೆ ಹೊರುವ ಪದ ಕನ್ನಡದಲ್ಲಿ ಇದೊಂದೇ ಅಂತ ನನಗೆ ಅನ್ನಿಸುತ್ತದೆ.

ಎಲ್ಲಿ ಕಾಯಿಲೆ, ಎಲ್ಲಿ ಪ್ರೀತಿ ಅಂತ ಗೊತ್ತಾಗುವುದು ಹೇಗೆ?

‘ಯಾವುದರ ಹುಚ್ಚು?’ ಅಂತ ಕೇಳಿ ನೋಡಿ. ಉತ್ತರ ಅದೇ ವಾಕ್ಯದಲ್ಲಿ ಇದ್ದರೆ ಅದು ಪ್ರೀತಿ. ಇಲ್ಲದಿದ್ದರೆ ಅದು ಕಾಯಿಲೆ, ಇಲ್ಲವೇ ಬೈಗುಳ.

‘ಅವನಿಗೆ ಹುಚ್ಚು ಹಿಡಿದಿದೆ’ ಅಂದರೆ ಮನೆಯವರು ಗಾಬರಿಯಾಗಬೇಕು. ‘ಅವನಿಗೆ ಹಾರ್ಮೋನಿಯಂ ಹುಚ್ಚು ಹಿಡಿದಿದೆ’ ಅಂದರೆ ಪಕ್ಕದ ಮನೆಯವರು ಸ್ವಲ್ಪ ಸಹಿಸಿಕೊಳ್ಳಬೇಕು, ಅಷ್ಟೇ. ಕ್ರಿಯಾಪದ ಅದೇ, ಹುಚ್ಚು ಅದೇ. ಮುಂದೆ ಬಂದು ಕೂತ ಒಂದು ಪದ ಅರ್ಥವನ್ನೇ ತಿರುಗಿಸಿಬಿಡುತ್ತದೆ.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಡಿಶಾದಿಂದ ಬಂದ ನನ್ನ ಒಬ್ಬ ವಿದ್ಯಾರ್ಥಿ ಬಳ್ಳಾರಿಯಲ್ಲಿ ಬಾಡಿಗೆಗಿದ್ದ. ಮನೆ ಮಾಲೀಕರು ನಿವೃತ್ತರು. ಬಳ್ಳಾರಿಯ ಬೇಸಿಗೆಯಲ್ಲೂ ಮಹಡಿ ಮೇಲೆ ನಲವತ್ತು ಕುಂಡ ಗುಲಾಬಿ ಉಳಿಸಿಕೊಂಡಿದ್ದವರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಬಕೆಟ್ಟಿನಲ್ಲಿ ನೀರು ಹೊತ್ತು ಹಾಕುತ್ತಿದ್ದರು. ಹುಡುಗನಿಗೆ ಅವರನ್ನು ಹೊಗಳಬೇಕು ಅನ್ನಿಸಿತು. ತರಗತಿಯಲ್ಲಿ ಕಲಿತದ್ದನ್ನು ನೆನಪಿಸಿಕೊಂಡು, ‘ಅಂಕಲ್, ನಿಮಗೆ ಹುಚ್ಚು’ ಅಂದ. ಅವರು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವನು ಹೆದರಿ ನನಗೆ ಫೋನ್ ಮಾಡಿದ. ಬಿಟ್ಟುಹೋದದ್ದು ‘ಗಿಡದ’ ಅನ್ನುವ ಒಂದೇ ಪದ. ಆಮೇಲೆ ಹೋಗಿ ಸರಿಯಾಗಿ ಹೇಳಿದ. ಅವರು ಒಂದು ಕುಂಡ ಅವನ ಕೈಗೇ ಕೊಟ್ಟರಂತೆ.

‘ಹುಚ್ಚು ಮಳೆ’, ‘ಹುಚ್ಚು ಧೈರ್ಯ’ ಅಂತಾರಲ್ಲ, ಅಲ್ಲಿ?

ಅಲ್ಲಿ ಹುಚ್ಚು ಮುಂದೆ ಬಂದಿದೆ, ಗಮನಿಸಿ. ಹುಚ್ಚು ಮುಂದೆ ಬಂದರೆ ‘ಅಳತೆ ಮೀರಿದ್ದು, ಹತೋಟಿಗೆ ಸಿಗದ್ದು’ ಅಂತ ಅರ್ಥ. ಹುಚ್ಚು ಹೊಳೆ, ಹುಚ್ಚು ಪ್ರೀತಿ, ಹುಚ್ಚು ಖರ್ಚು. ಹಿಂದೆ ಬಂದರೆ ಆಸೆ. ‘ಮಳೆಯ ಹುಚ್ಚು’ ಅಂದರೆ ಮಳೆಯಲ್ಲಿ ನೆನೆಯುವ ಆಸೆ. ‘ಹುಚ್ಚು ಮಳೆ’ ಅಂದರೆ ಮೆಣಸಿನಕಾಯಿ ಕಣ ಕೊಚ್ಚಿಕೊಂಡು ಹೋಗುವ ಮಳೆ.

ಹುಚ್ಚು ‘ಹಿಡಿಯುತ್ತದೆ’, ‘ಹತ್ತುತ್ತದೆ’, ‘ಹಚ್ಚುತ್ತಾರೆ’. ಯಾವುದು ಸರಿ?

ಮೂರೂ ಸರಿ, ಆದರೆ ಮೂರೂ ಒಂದಲ್ಲ.

ಹಿಡಿಯುವುದು ನಿಮ್ಮ ಕೈ ಮೀರಿ ಆಗುವ ಕೆಲಸ. ಜ್ವರ ಹಿಡಿಯುತ್ತದೆ, ದೆವ್ವ ಹಿಡಿಯುತ್ತದೆ, ಮಳೆ ಹಿಡಿಯುತ್ತದೆ. ಹಾಗೆಯೇ ಹುಚ್ಚೂ. ಹತ್ತುವುದು ಮೆಲ್ಲಗೆ ಆಗುವಂಥದ್ದು. ಒಬ್ಬರ ಹತ್ತಿರ ಇದ್ದು ಇದ್ದು ಇನ್ನೊಬ್ಬರಿಗೆ ಹತ್ತುತ್ತದೆ, ತುರಿಕೆ ಹತ್ತಿದ ಹಾಗೆ, ಬೆಂಕಿ ಹತ್ತಿದ ಹಾಗೆ.

ಹಚ್ಚುವುದಕ್ಕೆ ಮಾತ್ರ ಒಬ್ಬ ಮನುಷ್ಯ ಬೇಕು. ಅದಕ್ಕೇ ಈ ಮೂರರಲ್ಲಿ ನನಗೆ ಇದೇ ಇಷ್ಟ. ನಮ್ಮ ಕಡೆ ‘ಹಚ್ಚು’ ಮಾಡದ ಕೆಲಸವಿಲ್ಲ. ದೀಪ ಹಚ್ಚುತ್ತೇವೆ, ತಲೆಗೆ ಎಣ್ಣೆ ಹಚ್ಚುತ್ತೇವೆ, ಮಕ್ಕಳನ್ನು ಸಾಲಿಗೆ, ಅಂದರೆ ಶಾಲೆಗೆ, ಹಚ್ಚುತ್ತೇವೆ. ‘ನಮ್ಮ ಮೇಷ್ಟ್ರು ನನಗೆ ಲೆಕ್ಕದ ಹುಚ್ಚು ಹಚ್ಚಿದರು’ ಅಂತ ಯಾರಾದರೂ ಹೇಳಿದರೆ ಆ ಮೇಷ್ಟ್ರಿಗೆ ಬೇರೆ ಸನ್ಮಾನ ಬೇಕಿಲ್ಲ. ‘ಆಸಕ್ತಿ ಮೂಡಿಸಿದರು’ ಅನ್ನುವುದರಲ್ಲಿ ಆ ಬಿಸಿ ಇಲ್ಲ.

ಹೋಗುವಾಗ ಹುಚ್ಚು ಇಳಿಯುತ್ತದೆ ಅಥವಾ ಬಿಡುತ್ತದೆ. ಇಳಿಯುವುದು ಜ್ವರದ ಹಾಗೆ ತಾನಾಗಿ. ಬಿಡಿಸುವುದು ಮನೆಯವರು. ‘ನಿನ್ನ ಹುಚ್ಚು ಬಿಡಿಸ್ತೀನಿ ತಡಿ’ ಅನ್ನುವ ಮಾತು ಕೇಳದೆ ಬೆಳೆದ ಮಕ್ಕಳು ನಮ್ಮ ಊರುಗಳಲ್ಲಿ ಕಡಿಮೆ.

ತೆಲುಗಿನ ‘ಪಿಚ್ಚಿ’ಯೂ ಇದೂ ಒಂದೇನಾ?

ಬಳ್ಳಾರಿಯಲ್ಲಿ ಇದು ತಪ್ಪದೆ ಬರುವ ಪ್ರಶ್ನೆ. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಸುವ ಊರು ನಮ್ಮದು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಹೈದರಾಬಾದಿನಲ್ಲಿದ್ದವು. ಪಕ್ಕದ ಮನೆಯವರು ‘ಸಿನಿಮಾ ಪಿಚ್ಚಿ’ ಅನ್ನುತ್ತಾರೆ, ನಾವು ‘ಸಿನಿಮಾ ಹುಚ್ಚು’ ಅನ್ನುತ್ತೇವೆ.

ಹೌದು, ಇವು ಒಂದೇ ಬಳ್ಳಿಯ ಕಾಯಿಗಳು. ಹಳೆಯ ಕನ್ನಡದ ‘ಪ’ ಎಷ್ಟೋ ಪದಗಳ ಮೊದಲಲ್ಲಿ ‘ಹ’ ಆಯಿತು. ತೆಲುಗು ‘ಪ’ವನ್ನೇ ಉಳಿಸಿಕೊಂಡಿತು. ಅವರ ಪಾಲು ನಮ್ಮ ಹಾಲು. ಅವರ ಪುಲಿ ನಮ್ಮ ಹುಲಿ. ಅವರ ಪಂದಿ ನಮ್ಮ ಹಂದಿ. ಪಿಚ್ಚಿ ಮತ್ತು ಹುಚ್ಚು ಹೀಗೇ ಅಕ್ಕ ತಂಗಿ. ತಮಿಳಿನಲ್ಲಿ ‘ಪಿತ್ತು’ ಇದೆ, ಅದೂ ಇದೇ ಮನೆಯದು. ತೆಲುಗು ಬಲ್ಲ ವಿದ್ಯಾರ್ಥಿಗಳಿಗೆ ನಾನು ಇದೊಂದು ಹೇಳಿದರೆ ಸಾಕು, ಅರ್ಧ ಪಾಠ ಮುಗಿದ ಹಾಗೆ.

‘ಆಸಕ್ತಿ’ ಅಂದರೆ ಸಾಲದೇ?

ಕೆಲಸದ ಅರ್ಜಿಗೆ ಸಾಕು. ಸಂದರ್ಶನದಲ್ಲಿ ‘ನನಗೆ ಲೆಕ್ಕಪತ್ರದ ಹುಚ್ಚು’ ಅನ್ನಬೇಡಿ, ‘ಆಸಕ್ತಿ ಇದೆ’ ಅನ್ನಿ.

ಆದರೆ ಇವೆರಡರ ನಡುವೆ ದೂರ ಬಹಳ. ಆಸಕ್ತಿ ಸಂಸ್ಕೃತದಿಂದ ಬಂದ ಪದ, ಅಂಟಿಕೊಂಡಿರುವುದು ಅಂತ ಅದರ ಮೂಲದ ಅರ್ಥ. ಈಗ ಅದು ತುಂಬ ಸೌಮ್ಯವಾಗಿದೆ. ಆಸಕ್ತಿ ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವ ಪದ. ಹುಚ್ಚು ಮನೆಯವರು ನಮ್ಮ ಬಗ್ಗೆ ಹೇಳುವ ಪದ. ಆಸಕ್ತಿಗೆ ಖರ್ಚಿಲ್ಲ, ಮನಸ್ಸಿನಲ್ಲೇ ಇಟ್ಟುಕೊಂಡಿರಬಹುದು. ಹುಚ್ಚಿಗೆ ಖರ್ಚಿದೆ. ನಿದ್ದೆ, ದುಡ್ಡು, ಹೊತ್ತಿನ ಊಟ, ಏನಾದರೊಂದು ಹೋಗಿರಬೇಕು. ಮತ್ತೆ ಆ ಖರ್ಚಿನಲ್ಲಿ ಮನೆಯ ಇನ್ನೊಬ್ಬರ ಪಾಲೂ ಇರುತ್ತದೆ. ನನ್ನ ಅಜ್ಜಿಯ ಹೋರಿಯ ಲೆಕ್ಕ ಇದೇ.

ಈಗಿನ ಹುಡುಗರು ‘ಪ್ಯಾಷನ್’ ಅನ್ನುತ್ತಾರೆ. ಅನ್ನಲಿ. ಆದರೆ ‘ನನಗೆ ಅಡುಗೆಯ ಪ್ಯಾಷನ್ ಇದೆ’ ಅಂದಾಗ ಅಡುಗೆಮನೆ ಕಾಣುವುದಿಲ್ಲ. ‘ಅವಳಿಗೆ ಅಡುಗೆಯ ಹುಚ್ಚು’ ಅಂದಾಗ ಒಲೆ ಮೇಲೆ ಮೂರು ಪಾತ್ರೆ, ಕೈಗೆ ಹತ್ತಿದ ಹಿಟ್ಟು ಕಾಣುತ್ತದೆ.

ಚಟ, ಗೀಳು, ಶೋಕಿ, ಖಯಾಲಿ, ಹವ್ಯಾಸ: ಇವೆಲ್ಲ?

ಚಟ ಬೇರೆಯೇ. ಗುಟ್ಕಾದ ಚಟ, ಇಸ್ಪೀಟಿನ ಚಟ, ಮಟ್ಕಾದ ಚಟ. ಚಟಕ್ಕೆ ಬೀಳುತ್ತಾರೆ, ಹುಚ್ಚು ಹೆಚ್ಚಾಗಿ ಹಿಡಿಯುತ್ತದೆ. ಇಸ್ಪೀಟಿನ ಹುಚ್ಚು ಅಂತ ಶುರುವಾಗಿ ಇಸ್ಪೀಟಿನ ಚಟ ಆದಾಗ ಮನೆಯಲ್ಲಿ ಪದ ಬದಲಾಗುತ್ತದೆ. ಆ ಬದಲಾವಣೆಯನ್ನು ಮೊದಲು ಗುರುತಿಸುವವರು ಹೆಂಗಸರು.

ಗೀಳು ಮನಸ್ಸಿನಲ್ಲಿ ಒಂದೇ ವಿಚಾರ ಸುತ್ತುತ್ತಿರುವುದು. ಕೈ ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆಯುವ ಕಾಯಿಲೆಗೆ ವೈದ್ಯರೂ ಗೀಳು ಕಾಯಿಲೆ ಅಂತಲೇ ಹೇಳುತ್ತಾರೆ. ಹುಚ್ಚಿನಲ್ಲಿ ಖುಷಿ ಇದೆ, ಗೀಳಿನಲ್ಲಿ ಅದು ಇರಲೇಬೇಕು ಅಂತಿಲ್ಲ.

ಶೋಕಿಯ ಕಥೆ ಸ್ವಲ್ಪ ಬೇಸರದ್ದು. ಉರ್ದುವಿನ ‘ಶೌಕ್’ ಮೂಲದಲ್ಲಿ ಹಂಬಲ, ಆಳದ ಆಸೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಪಾರಿವಾಳ ಸಾಕುವ ಹಿರಿಯರೊಬ್ಬರು ತಮಗೆ ಪಾರಿವಾಳದ ಶೌಕ್ ಅನ್ನುವಾಗ ಆ ಹಳೆ ಅರ್ಥ ಇನ್ನೂ ಜೀವಂತ. ಅದೇ ಪದ ಕನ್ನಡಕ್ಕೆ ಬಂದು ‘ಶೋಕಿ’ ಆಗಿ, ಕೂಲಿಂಗ್ ಗ್ಲಾಸು, ಹೊಸ ಬೈಕಿನ ಮೆರೆದಾಟಕ್ಕೆ ಇಳಿದಿದೆ. ‘ಶೋಕಿಲಾಲ’ ಅಂದರೆ ಈಗ ಯಾರಿಗೂ ಹೊಗಳಿಕೆ ಅನ್ನಿಸುವುದಿಲ್ಲ. ಅಷ್ಟು ಒಳ್ಳೆಯ ಪದ ಹೀಗೆ ತೆಳ್ಳಗಾಯಿತಲ್ಲ ಅಂತ ನನಗೆ ನಿಜವಾಗಿ ಬೇಜಾರಾಗುತ್ತದೆ.

ಖಯಾಲಿ ಹಗುರದ್ದು. ಖಯಾಲ್ ಅಂದರೆ ಯೋಚನೆ. ಬಂದು ಹೋಗುವ ಅಲೆ ಅದು. ಹವ್ಯಾಸ ಇನ್ನೂ ಶಾಂತ: ಭಾನುವಾರದ ಕೆಲಸ. ಆದರೆ ಮರಾಠಿಯಲ್ಲಿ ‘ಹವ್ಯಾಸ’ ಅಂದರೆ ತೀರದ ಆಸೆ. ಅಲ್ಲಿ ಅದು ಖಾರ, ಇಲ್ಲಿ ಅದು ಸಪ್ಪೆ. ಕೊಪ್ಪಳದ ಕಡೆ ಹಳಬರ ಬಾಯಲ್ಲಿ ‘ನಾದ’ ಅನ್ನುವುದೂ ಇದೆ. ‘ಭಜನಿ ನಾದ ಹಚ್ಕೊಂಡಾನ’ ಅಂದರೆ ಭಜನೆಯ ಹುಚ್ಚು ಹಿಡಿದಿದೆ ಅಂತ. ಮರಾಠಿಯವರೂ ‘ನಾದ’ವನ್ನು ಹೀಗೇ ಬಳಸುತ್ತಾರೆ.

ಒಳ್ಳೆಯ ಆಸೆಗೆ ಕಾಯಿಲೆಯ ಹೆಸರು ಯಾಕೆ?

ಈ ಪ್ರಶ್ನೆ ಕೇಳಿದ್ದು ಒಬ್ಬ ನರ್ಸ್. ಅವರಿಗೆ ಇದು ಸರಿ ಅನ್ನಿಸಿರಲಿಲ್ಲ. ನಾನು ಕೆಲವು ದಿನ ಯೋಚಿಸಿ, ಬೇರೆ ಪದಗಳನ್ನು ನೋಡಿ ಉತ್ತರ ಹೇಳಿದೆ.

ಇದು ಕನ್ನಡ ಒಂದರ ಗುಣವಲ್ಲ. ನಮ್ಮ ಇನ್ನೊಂದು ಪದ ‘ಮರುಳು’. ಹಳಗನ್ನಡದಲ್ಲಿ ಮರುಳ್ ಅಂದರೆ ಪಿಶಾಚಿಯೂ ಹೌದು. ಯುದ್ಧಭೂಮಿಯಲ್ಲಿ ಮರುಳುಗಳು ಕುಣಿಯುವುದು ಹಳೆಯ ಕಾವ್ಯಗಳಲ್ಲಿ ಬರುತ್ತದೆ. ಅದೇ ಪದದಿಂದ ನಾವು ‘ಅವಳ ದನಿಗೆ ಮರುಳಾದೆ’ ಅನ್ನುತ್ತೇವೆ. ಉರ್ದುವಿನ ‘ದೀವಾನಾ’ ಫಾರಸಿಯದು. ಅದರೊಳಗಿನ ‘ದೀವ್’ ಅಂದರೆ ರಾಕ್ಷಸ, ಭೂತ. ‘ಮಜ್ನೂ’ ಅರಬ್ಬಿಯಲ್ಲಿ ಜಿನ್ ಹಿಡಿದವನು. ಇಂಗ್ಲಿಷಿನ ಪ್ಯಾಷನ್ ಕೂಡ ಲ್ಯಾಟಿನ್ನಿನಲ್ಲಿ ನೋವು ಅನುಭವಿಸುವುದಕ್ಕೆ ಇದ್ದ ಪದ.

ಅಂದರೆ ದೂರ ದೂರದ ಜನ ಒಂದೇ ವಿಷಯ ಕಂಡಿದ್ದಾರೆ. ತುಂಬ ಆಸೆಪಟ್ಟ ಮನುಷ್ಯನನ್ನು ಹೊರಗಿನಿಂದ ನೋಡಿದರೆ, ಅವನೊಳಗೆ ಇನ್ಯಾರೋ ಬಂದು ಕೂತ ಹಾಗೆ ಕಾಣುತ್ತದೆ. ಭೀಮನ ಕಿರೀಟ ಇಟ್ಟುಕೊಂಡ ರಾತ್ರಿ ನಮ್ಮ ಅಜ್ಜ ನಮ್ಮನ್ನು ಗುರುತು ಹಿಡಿಯುತ್ತಿರಲಿಲ್ಲ ಅಂತ ಅಪ್ಪ ಹೇಳುತ್ತಿದ್ದರು. ಮಕ್ಕಳಿಗೆ ಅದು ಹೆದರಿಕೆ, ಅಜ್ಜನಿಗೆ ಅದೇ ಸುಖ.

ನಮ್ಮ ಕಡೆ ಇಂಥ ಹುಚ್ಚಿನವರ ಉದಾಹರಣೆ ಹೇಳಿ.

ಬಳ್ಳಾರಿಯಲ್ಲಿ ಮೊದಲು ಬರುವ ಹೆಸರು ಬಳ್ಳಾರಿ ರಾಘವ (1880–1946). ಅವರು ವಕೀಲರು, ಕೋರ್ಟಿನಲ್ಲಿ ಹೆಸರು ಮಾಡಿದವರು. ಆದರೆ ಊರು ಅವರನ್ನು ನೆನಪಿಟ್ಟುಕೊಂಡದ್ದು ರಂಗದ ಮೇಲಿನ ಮನುಷ್ಯನಾಗಿ. ತೆಲುಗು, ಕನ್ನಡ, ಇಂಗ್ಲಿಷ್, ಹಿಂದಿ ನಾಲ್ಕರಲ್ಲೂ ನಟಿಸಿದರು. ಗಂಡಸರೇ ಸೀರೆ ಉಟ್ಟು ಹೆಣ್ಣು ಪಾತ್ರ ಮಾಡುತ್ತಿದ್ದ ಕಾಲದಲ್ಲಿ, ಹೆಣ್ಣು ಪಾತ್ರ ಹೆಣ್ಣುಮಕ್ಕಳೇ ಮಾಡಬೇಕು ಅಂತ ನಿಂತರು. ಅವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ಕಟ್ಟಿದ ಸರಸ ವಿನೋದಿನಿ ಸಭೆ ಇದ್ದದ್ದೂ ಬಳ್ಳಾರಿಯಲ್ಲೇ. ಅದೇ ಊರಿನಲ್ಲಿ ಕೋಲಾಚಲಂ ಶ್ರೀನಿವಾಸರಾವ್ ಅವರ ಇನ್ನೊಂದು ನಾಟಕ ಸಭೆ. ಅವರೂ ವಕೀಲರು! ಹಗಲೆಲ್ಲ ಕಕ್ಷಿಗಾರರ ಜೊತೆ ವಾದ, ರಾತ್ರಿ ಬಣ್ಣ. ಇದಕ್ಕೆ ‘ನಾಟಕದಲ್ಲಿ ಆಸಕ್ತಿ’ ಅನ್ನಲು ನನಗೆ ಬಾಯಿ ಬರುವುದಿಲ್ಲ. ಬಳ್ಳಾರಿಯಲ್ಲಿ ರಾಘವ ಕಲಾಮಂದಿರ ಇಂದಿಗೂ ಇದೆ.

ಇನ್ನೊಬ್ಬರು ಹೊರಗಿನವರು, ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ (1834–1912). ಸರ್ಕಾರ ಅವರಿಗೆ ಸಂಬಳ ಕೊಟ್ಟದ್ದು ಬಂಡೆ, ಖನಿಜಗಳ ಸರ್ವೆ ಮಾಡಲು. ಆದರೆ 1863ರಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಅವರಿಗೆ ಹಳೆಯ ಶಿಲಾಯುಗದ ಒಂದು ಕಲ್ಲಿನ ಉಪಕರಣ ಸಿಕ್ಕಿತು. ಅಲ್ಲಿಂದ ಹಿಡಿದದ್ದು ಬಿಡಲಿಲ್ಲ. ಬಳ್ಳಾರಿ ಸೀಮೆಯ ಗುಡ್ಡಗಳಲ್ಲಿ ಅಲೆದು ಕಲ್ಲಿನ ಕೊಡಲಿ, ಶಿಲಾಯುಗದ ಜನ ಸಗಣಿ ಸುಟ್ಟು ಆದ ಬೂದಿ ದಿಬ್ಬ ಗುರುತು ಮಾಡಿದರು. ಸಂಗನಕಲ್ಲು ಗುಡ್ಡದ ಮೇಲೆ ಸಾವಿರಾರು ವರ್ಷ ಹಿಂದೆ ಜನ ಕೂತು ಕೊಡಲಿ ಮಾಡುತ್ತಿದ್ದರು ಅಂತ ಈಗ ಲೋಕಕ್ಕೆ ಗೊತ್ತು. ಬಳ್ಳಾರಿಯಲ್ಲಿ ಫೂಟ್ ಹೆಸರಿನಲ್ಲೇ ಒಂದು ವಸ್ತುಸಂಗ್ರಹಾಲಯ ಇದೆ, ವಿದ್ಯಾರ್ಥಿಗಳನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಸಂಬಳ ಒಂದಕ್ಕೆ, ಹುಚ್ಚು ಇನ್ನೊಂದಕ್ಕೆ ಇದ್ದ ಮನುಷ್ಯ. ‘ಕಲ್ಲಿನ ಹುಚ್ಚು’ ಅನ್ನುವ ಉದಾಹರಣೆಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಕಿನ್ನಾಳದ ಚಿತ್ರಗಾರರಿಗೆ ‘ಗೊಂಬೆಯ ಹುಚ್ಚು’ ಅನ್ನಬಹುದೇ?

ಕೊಪ್ಪಳದ ಹತ್ತಿರದ ಕಿನ್ನಾಳ ನೋಡಿ ಬಂದ ಒಬ್ಬರು ಹೀಗೆ ಬರೆದು ತಂದಿದ್ದರು. ನಾನು ಆ ಸಾಲು ಹೊಡೆದು ಹಾಕಿಸಿದೆ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಹಚ್ಚಿ, ಬಣ್ಣ ಹಾಕಿ ತಲೆಮಾರುಗಳಿಂದ ಬದುಕಿದವರು ಅವರು. ಅದು ಅವರ ಕಸುಬು. ಹೊಟ್ಟೆ ತುಂಬಿಸುವ ಕೆಲಸವನ್ನು ಹುಚ್ಚು ಅಂದರೆ ಆ ದುಡಿಮೆಯನ್ನು ಸಣ್ಣದು ಮಾಡಿದ ಹಾಗೆ.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರ ವಿಷಯವೂ ಹಾಗೇ. ತೊಗಲು ಗೊಂಬೆಯಾಟಕ್ಕೆ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಅವರ ಬದುಕೇ ಅದು. ಆ ಆಟ ನೋಡಲು ಹತ್ತು ಮೈಲಿ ನಡೆದು ಬರುತ್ತಿದ್ದವರಿಗೆ ಗೊಂಬೆಯಾಟದ ಹುಚ್ಚು. ಪರದೆಯ ಹಿಂದೆ ದೀಪದ ಬಿಸಿಗೆ ಕೂತವರದ್ದು ಕಸುಬು, ವಿದ್ಯೆ. ಕಸುಬಿನವರಿಗೂ ಹುಚ್ಚು ಇರಬಹುದು, ಆದರೆ ಅದನ್ನು ಅವರೇ ಹೇಳಬೇಕು.

ದೊಡ್ಡವರಿಗೆ ಈ ಪದ ಬಳಸಬಹುದೇ?

‘ಸರ್, ನಿಮಗೆ ಓದುವ ಹುಚ್ಚು ಜಾಸ್ತಿ ಅಲ್ವಾ’ ಅನ್ನಬಹುದು. ಪರಿಚಯ ಇರಬೇಕು, ಮುಖದಲ್ಲಿ ಗೌರವ ಇರಬೇಕು. ‘ನೀವು ಓದಿನ ಹುಚ್ಚರು’ ಅನ್ನಬಾರದು. ಹುಚ್ಚು ಅನ್ನುವುದು ಅವರ ಹತ್ತಿರ ಇರುವ ವಸ್ತು. ಹುಚ್ಚ, ಹುಚ್ಚಿ, ಹುಚ್ಚರು ಅಂದರೆ ಮನುಷ್ಯರೇ ಅದಾಗಿಬಿಡುತ್ತಾರೆ. ಈ ಗೆರೆ ದಾಟಬೇಡಿ.

ಗೆಳೆಯರ ನಡುವೆ, ಮನೆಯಲ್ಲಿ ಇದೆಲ್ಲ ನಡೆಯುತ್ತದೆ. ತಾಯಿ ಮಗನಿಗೆ ‘ಏ ಹುಚ್ಚಪ್ಪಾ, ಊಟ ಮಾಡ ಬಾ’ ಅನ್ನುವುದು ಮುದ್ದು. ‘ಹುಚ್ಚಪ್ಯಾಲಿ’ ಅನ್ನುವುದೂ ಎಷ್ಟೋ ಸಲ ಮುದ್ದೇ. ಹೊರಗಿನವರು ಕಲಿತ ಕೂಡಲೇ ಬಳಸುವ ಪದಗಳಲ್ಲ ಇವು.

ಮಾನಸಿಕ ಕಾಯಿಲೆ ಇರುವವರಿಗೆ?

ಬೇಡ. ಯಾವ ಕಾರಣಕ್ಕೂ ಬೇಡ. ಮಾನಸಿಕ ಕಾಯಿಲೆ ಇದೆ, ಆರಾಮಿಲ್ಲ, ಚಿಕಿತ್ಸೆ ತಗೊಳ್ತಿದ್ದಾರೆ, ಇಷ್ಟು ಸಾಕು. ‘ಹುಚ್ಚಾಸ್ಪತ್ರೆ’ ಅನ್ನುವ ಪದ ಬಾಯಿಗೆ ಬಂದರೂ ನುಂಗಿಕೊಳ್ಳಿ. ಆ ಒಂದು ಪದಕ್ಕೆ ಹೆದರಿ ಡಾಕ್ಟರ ಹತ್ತಿರ ಹೋಗದೆ ಉಳಿದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಈ ವಿಷಯದಲ್ಲಿ ಬಳ್ಳಾರಿಗೆ ಹೆಮ್ಮೆ ಪಡುವ ಕಾರಣ ಇದೆ, ಊರಿನವರಿಗೇ ಅದು ಅಷ್ಟು ಗೊತ್ತಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು ಪ್ರಯೋಗಕ್ಕೆ ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. ದೊಡ್ಡ ಊರಿನ ಆಸ್ಪತ್ರೆಗೆ ಜನ ಹೋಗುವ ಬದಲು, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅಲ್ಲೇ ಗುರುತಿಸಿ ಅಲ್ಲೇ ಔಷಧಿ ಕೊಡುವ ವ್ಯವಸ್ಥೆ ಅದು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಅದಕ್ಕೆ ದಾರಿಯಾದದ್ದು ಇದೇ ‘ಬಳ್ಳಾರಿ ಮಾದರಿ’. ಸಹಾಯ ಬೇಕಾದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಅದು ಉಚಿತ.

ಹಾಗಾದರೆ ಹುಚ್ಚಪ್ಪ, ಹುಚ್ಚಮ್ಮ ಅಂತ ಹೆಸರು ಯಾಕೆ ಇಡುತ್ತಿದ್ದರು?

ಹಿಂದೆ ಹುಟ್ಟಿದ ಮಕ್ಕಳು ಉಳಿಯದಿದ್ದರೆ, ಮುಂದಿನ ಮಗುವಿಗೆ ಚೆಂದದ ಹೆಸರು ಇಡುತ್ತಿರಲಿಲ್ಲ. ಸಾವಿನ ಕಣ್ಣು ಬೀಳದಿರಲಿ ಅಂತ. ತಿಪ್ಪಣ್ಣ, ಗುಂಡಪ್ಪ, ಅಡಿವೆಪ್ಪ, ಹುಚ್ಚಪ್ಪ. ಆ ಹೆಸರುಗಳ ಹಿಂದೆ ತಾಯಂದಿರ ಭಯ ಇದೆ, ಬೈಗುಳ ಇಲ್ಲ. ಅದಕ್ಕೇ ರೇಷನ್ ಕಾರ್ಡಿನಲ್ಲಿ ಈ ಹೆಸರು ಕಂಡು ನಗುವ ಹೊಸ ನೌಕರರಿಗೆ ನಾನು ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಕೊಪ್ಪಳದ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ಅವರ ಹೆಸರು ನೀವು ಕೇಳಿರಬಹುದು. ತಮ್ಮ ಜಮೀನನ್ನು ಊರಿನ ಶಾಲೆಗೆ ಬರೆದುಕೊಟ್ಟು, ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದವರು. ಆ ಹೆಸರನ್ನು ಈಗ ನಾನು ತರಗತಿಯಲ್ಲಿ ಎದೆಯುಬ್ಬಿಸಿ ಹೇಳುತ್ತೇನೆ.

ಹುಚ್ಚೆಳ್ಳು ತಿಂದರೆ ಹುಚ್ಚು ಹಿಡಿಯುತ್ತದೆಯೇ?

ಇಲ್ಲ. ಹುಚ್ಚೆಳ್ಳೇ ನಮ್ಮ ಕಡೆಯ ಗುರೆಳ್ಳು. ಎಳ್ಳಿನ ಹಾಗೆ ಕಂಡರೂ ಅದು ಸೂರ್ಯಕಾಂತಿಯ ಬಳಗದ್ದು. ಹುರಿದು, ಕುಟ್ಟಿ, ಬೆಳ್ಳುಳ್ಳಿ ಖಾರ ಹಾಕಿ ಮಾಡಿದ ಗುರೆಳ್ಳು ಹಿಂಡಿ ಜೋಳದ ರೊಟ್ಟಿಗೆ ಬಹಳ ರುಚಿ.

ಹುಚ್ಚಿನ ಬಗ್ಗೆ ಗಾದೆ ಇವೆಯೇ?

ಎಲ್ಲರ ಬಾಯಲ್ಲೂ ಇರುವುದು: ‘ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು.’ ಒಂದಕ್ಕೊಂದು ಗಂಟು ಬಿದ್ದ ಕೆಲಸಕ್ಕೆ ಇದನ್ನು ಹೇಳುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಒಂದು ಕಾಗದಕ್ಕೆ ಇನ್ನೊಂದು ಕಾಗದ, ಅದಕ್ಕೆ ಮತ್ತೆ ಮೊದಲಿನದೇ ಕಾಗದ ಕೇಳಿದಾಗ ಈ ಗಾದೆ ತಾನಾಗಿ ಬಾಯಿಗೆ ಬರುತ್ತದೆ.

‘ಜನ ಮರುಳೋ ಜಾತ್ರೆ ಮರುಳೋ’ ಇನ್ನೊಂದು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಜನ ನೋಡಿದ ಯಾರಾದರೂ ಇದನ್ನು ಅಂದೇ ಅನ್ನುತ್ತಾರೆ. ನಾನು ಮಾತ್ರ ಅಲ್ಲಿ ಅನ್ನಲಾರೆ. ಸುತ್ತಲಿನ ಹಳ್ಳಿಗಳಿಂದ ರೊಟ್ಟಿ ಬಡಿದು, ಬಂಡಿಗಟ್ಟಲೆ ತಂದು ದಾಸೋಹಕ್ಕೆ ಕೊಡುವ ಹೆಣ್ಣುಮಕ್ಕಳನ್ನು ನೋಡಿದ ಮೇಲೆ ಮರುಳು ಅನ್ನಲು ಮನಸ್ಸು ಬರುವುದಿಲ್ಲ.

ಹುಚ್ಚು ವಿಧವೆಯ ಮದುವೆಯಲ್ಲಿ ಉಂಡವನೇ ಜಾಣ ಅನ್ನುವ ಅರ್ಥದ ಗಾದೆಯೂ ಚಾಲ್ತಿಯಲ್ಲಿದೆ, ಮೂಲದಲ್ಲಿ ಇನ್ನೂ ಒರಟು ಪದವಿದೆ. ಅದನ್ನು ನಾನು ಕಲಿಸುವುದಿಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಹೇಳುವ ರೀತಿ ಬೇರೆಯೇ?

ಬಾಲ ಮಾತ್ರ ಬೇರೆ. ಬಳ್ಳಾರಿಯಲ್ಲಿ ‘ಹುಚ್ಚು ಹಿಡಿದೈತೆ’, ಕೊಪ್ಪಳದಲ್ಲಿ ‘ಹುಚ್ಚು ಹಿಡದೈತಿ’. ರಾಯಚೂರಿನಲ್ಲಿ ‘ಐತಿ’ಯೂ ಕೇಳುತ್ತದೆ, ‘ಅದ’ವೂ ಕೇಳುತ್ತದೆ. ಬರೆಯುವಾಗ ‘ಹುಚ್ಚು ಹಿಡಿದಿದೆ’ ಅಂತ ಬರೆಯಿರಿ.

ಒಬ್ಬರ ಹುಚ್ಚು ಇನ್ನೊಬ್ಬರಿಗೆ ‘ಹತ್ತುವುದು’ ಅಂದಿರಲ್ಲ, ಒಂದು ವಾಕ್ಯ ಕೊಡಿ.

ಅಜ್ಜ ತೀರಿಕೊಂಡ ಮೇಲೆ ಕಿರೀಟ, ಭುಜಕೀರ್ತಿ ಅಜ್ಜಿಯ ಟ್ರಂಕಿನಲ್ಲಿ ಇದ್ದವು. ಹೋರಿಯ ಲೆಕ್ಕ ಹೇಳುತ್ತಿದ್ದವಳು ಅವನ್ನು ಮಾರಲಿಲ್ಲ. ಯುಗಾದಿಗೆ ಮುಂಚೆ ಹೊರಗೆ ತೆಗೆದು, ಹಳೇ ಸೀರೆಯ ತುಂಡಿನಿಂದ ಒಂದೊಂದೇ ಕನ್ನಡಿ ಚೂರು ಒರೆಸುತ್ತಿದ್ದಳು. ಪಕ್ಕದ ಊರಲ್ಲಿ ಆಟ ಅಂದರೆ ಮೊಮ್ಮಕ್ಕಳನ್ನು ಎಬ್ಬಿಸಿಕೊಂಡು ಹೋಗಿ ಬೆಳಗಿನ ತನಕ ಕೂರುತ್ತಿದ್ದಳು. ನಿನಗ್ಯಾಕಜ್ಜಿ ಇದು ಅಂತ ಒಮ್ಮೆ ಕೇಳಿದೆ.

‘ಅವ್ರ ಹುಚ್ಚು ನನಗ ಹತ್ತೈತೆ’ ಅಂದಳು.